ಮೂರು ಸಾವಿರ ಪಿಂಚಣಿ, ದಿನವಿಡೀ ಬಿಡುವು: ಊರಿಗೆ ಬಂದು ಏನು ಮಾಡಲಿ?

ಹೊಸೂರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, 58ಕ್ಕೆ ನಿವೃತ್ತರಾಗಿ, ಮೂರು ಸಾವಿರದಷ್ಟು ಪಿಂಚಣಿ ಹಿಡಿದುಕೊಂಡು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಿರಿಯರ ಮನೆಗೆ ಮರಳುತ್ತಿದ್ದೀರಿ. ಹೆಚ್ಚು ಖರ್ಚಿಲ್ಲದೆ ನಾಲ್ಕು ಜನರ ನಡುವೆ ಇರುವುದು ಹೇಗೆ, ಮೂಲೆಗೆ ಬಿದ್ದುಬಿಡುತ್ತೇನೆಯೇ ಎಂದು ಕೇಳಿದ್ದೀರಿ. ನಾನು ಕುಂಬಳೆ ಸೀಮೆಯವನು, ವಯಸ್ಸು 67. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದು ಬದುಕಿದವನು. ಊರಿನಲ್ಲಿ ಈಗ ಎಲ್ಲರೂ ‘ಮಾಷ್ಟ್ರೇ’ ಎಂದು ಕರೆಯುತ್ತಾರೆ. ಕನ್ನಡಕ, ಕೊಡೆ, ನಿವೃತ್ತಿ ಮೂರೂ ಇದ್ದವನು ನಮ್ಮಲ್ಲಿ ಮಾಷ್ಟ್ರೇ ಆಗಿರಬೇಕು. ತಿದ್ದುವುದನ್ನು ಬಿಟ್ಟಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಕೆಲಸ ಬಿಟ್ಟ ಮೊದಲ ಆರು ತಿಂಗಳು ಟಿ.ವಿ. ಎದುರು ಕುಳಿತೆ. ಬೇಸರ ಬಂದಾಗ ಅಡುಗೆಮನೆಗೆ ಹೋಗಿ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಹೇಳಿಕೊಡುತ್ತಿದ್ದೆ. ನಲವತ್ತು ವರ್ಷ ನನ್ನ ಸಲಹೆಯಿಲ್ಲದೆ ಸಾರು ಮಾಡಿದವಳು ಎಷ್ಟು ದಿನ ಸುಮ್ಮನಿದ್ದಾಳು? ಆಮೇಲೆ ಯಾರದೋ ಮಾತು ಕೇಳಿ 46 ಸಾವಿರ ಕೊಟ್ಟು ಇಬ್ಬರೂ ಒಂಬತ್ತು ದಿನದ ಪ್ಯಾಕೇಜ್ ಪ್ರವಾಸಕ್ಕೆ ಹೋದೆವು. ನನಗೆ ಈಗಲೂ ಚೆನ್ನಾಗಿ ನೆನಪಿರುವುದು ಆ ಬಸ್ಸಿನ ಕಿಟಕಿಯ ಪರದೆಯ ಬಣ್ಣ. ಮರಳಿ ಬಂದ ಮರುದಿನ ಮತ್ತೆ ಅದೇ ಕುರ್ಚಿ, ಅದೇ ಟಿ.ವಿ.

ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಒಂದು ಬೀಗದ ಕೈ. ನಮ್ಮಲ್ಲಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಸಣ್ಣ ಗ್ರಂಥಾಲಯವೊಂದಿದೆ. ಕೇರಳದಲ್ಲಿ ಹಳ್ಳಿಹಳ್ಳಿಗೂ ಗ್ರಂಥಾಲಯ ಇರುವುದು ನಿಮಗೆ ಗೊತ್ತಿರಬಹುದು. ನಮ್ಮ ಕಡೆಯವುಗಳಲ್ಲಿ ಕನ್ನಡ ಪುಸ್ತಕ, ಕನ್ನಡ ಪತ್ರಿಕೆಗಳೂ ಸಿಗುತ್ತವೆ. ಪತ್ರಿಕೆ ಓದಲು ಹೋಗುತ್ತಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಹುಡುಗನಿಗೆ ಮಂಗಳೂರಿನಲ್ಲಿ ಕೆಲಸ ಸಿಕ್ಕಿತು. ‘ನೀವು ಹೇಗೂ ಬರುತ್ತೀರಲ್ಲ’ ಎಂದು ಬೀಗದ ಕೈಯನ್ನು ನನಗೆ ಕೊಟ್ಟರು. ಒಂದು ಮಳೆಯ ದಿನ ಮೈ ಭಾರವೆಂದು ಮಲಗಿದ್ದೆ. ಎಂಟೂಕಾಲಕ್ಕೆ ಮೂರು ಫೋನ್ ಬಂದವು: ‘ಮಾಷ್ಟ್ರೇ, ಪೇಪರ್ ಒದ್ದೆಯಾಗುತ್ತಿದೆ, ಎಲ್ಲಿದ್ದೀರಿ?’ ಹವ್ಯಾಸ ಬೆಳೆಸಿಕೊಳ್ಳಿ ಎಂದು ಎಲ್ಲರೂ ನಿಮಗೆ ಹೇಳುತ್ತಾರೆ. ನಾನು ಹೇಳುವುದು ಬೇರೆ: ನೀವು ಹೋಗದಿದ್ದರೆ ಯಾರಾದರೂ ಫೋನ್ ಮಾಡಿ ಬೈಯುವಂಥ ಕೆಲಸ ಹಿಡಿಯಿರಿ, ಸಂಬಳವಿಲ್ಲದಿದ್ದರೂ ಸರಿ.

ದುಡ್ಡಿನ ಲೆಕ್ಕ. ನನ್ನ ಪಿ.ಎಫ್. ಪಿಂಚಣಿ 2,340 ರೂಪಾಯಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 8 ಲಕ್ಷ ಇಟ್ಟಿದ್ದೇನೆ. ನಾನು ಇಟ್ಟಾಗಿನ ದರ ಶೇ. 8.2, ಮೂರು ತಿಂಗಳಿಗೊಮ್ಮೆ 16,400 ಬಡ್ಡಿ ಬರುತ್ತದೆ. ನಿಮಗೆ 60 ಆಗಿಲ್ಲವೆಂದು ಕೈಬಿಡಬೇಡಿ. 55 ದಾಟಿ ನಿವೃತ್ತರಾದವರು ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ಈ ಖಾತೆ ತೆರೆಯಬಹುದು. ಆ ಗಡುವು ತಪ್ಪಿಸಿಕೊಂಡರೆ 60ರವರೆಗೆ ಕಾಯಬೇಕು. ಮನೆ ಸ್ವಂತದ್ದು, ಬಾವಿ ಇದೆ, ಹನ್ನೆರಡು ತೆಂಗಿನ ಮರ ಇವೆ. ಬಿ.ಪಿ., ಸಕ್ಕರೆಯ ಮಾತ್ರೆ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಉಚಿತ; ಸಾಲು ಉದ್ದ, ಮಾತಿಗೆ ಜನ ಸಿಗುತ್ತಾರೆ. ಬಸ್ಸು, ಚಹಾ, ಸಂಘದ ವಂತಿಗೆ ಎಲ್ಲ ಸೇರಿ ನನ್ನ ಓಡಾಟಕ್ಕೆ ತಿಂಗಳಿಗೆ 900 ರೂಪಾಯಿ ಎಂದು ಗೆರೆ ಎಳೆದಿದ್ದೇನೆ.

ಆ ಗೆರೆ ದಾಟಿಸುವುದು ಮದುವೆ, ಗೃಹಪ್ರವೇಶದ ಕಾಗದಗಳು ಮತ್ತು ವಂತಿಗೆಯ ರಶೀದಿ ಪುಸ್ತಕಗಳು. ಊರಿಗೆ ಬಂದ ಹೊಸತರಲ್ಲಿ ‘ಹೊಸೂರಿನಿಂದ ಬಂದವರು’ ಎಂದು ನಿಮ್ಮ ಹೆಸರಿಗೆ ದೊಡ್ಡ ಅಂಕಿಯನ್ನೇ ಬರೆಯುತ್ತಾರೆ, ಎಚ್ಚರ. ನಾನು ನೂರು ಕೊಟ್ಟು, ಉಳಿದದ್ದನ್ನು ಮೈ ಬಗ್ಗಿಸಿ ದುಡಿದು ತೀರಿಸುತ್ತೇನೆ. 2025ರಲ್ಲಿ ಮಧೂರಿನ ಗಣಪತಿ ದೇವಸ್ಥಾನದಲ್ಲಿ ಬ್ರಹ್ಮಕಲಶ, ದೇವರನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ ನಡೆಯಿತಲ್ಲ, 1992ರ ನಂತರ ಮೊದಲ ಬಾರಿಗೆ? ನಾನು ಮೂರು ದಿನ ತರಕಾರಿ ಹೆಚ್ಚಲು ಹೋದೆ. ಕುಂಬಳಕಾಯಿಯ ಗುಡ್ಡೆಯ ಸುತ್ತ ಕುಳಿತಿದ್ದ ಇಪ್ಪತ್ತು ಮಂದಿಯಲ್ಲಿ ಹದಿನೈದು ಮಂದಿ ಅಪರಿಚಿತರು. ಮೂರನೆಯ ದಿನದ ಸಂಜೆಗೆ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ ಎಂಬುದೆಲ್ಲ ನನಗೆ ಬಾಯಿಪಾಠ. ಬೆರಳಿಗೆ ಎರಡು ಗಾಯ, ಮೂರು ಹೊತ್ತು ಊಟ, ಖರ್ಚು ಬಸ್ಸಿನದ್ದು ಮಾತ್ರ.

ತಾಳಮದ್ದಳೆಯ, ಅಂದರೆ ಕುಳಿತೇ ಹಾಡು-ಮಾತಿನಲ್ಲಿ ನಡೆಸುವ ಯಕ್ಷಗಾನದ, ವಿಷಯವನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ ನಮ್ಮದು. ಕುಂಬಳೆಯ ಸುತ್ತ ಸಂಘವಿಲ್ಲದ ಊರು ಹುಡುಕಬೇಕು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲವಿಡೀ ವಾರಕ್ಕೊಂದು ಕೂಟ ಎಲ್ಲಾದರೂ ಇರುತ್ತದೆ. ವೇಷ ಬೇಡ, ಬಣ್ಣ ಬೇಡ, ಒಂದು ಪಂಚೆ, ಒಂದು ಶಾಲು ಸಾಕು. ನಾನು ಕೇಳಲು ಹೋದವನು. ಒಮ್ಮೆ ಚಕ್ರತಾಳ ಎಂಬ ಕಂಚಿನ ತಾಳ ಹಾಕುವವರು ಬರಲಿಲ್ಲ, ಪದ್ಯ ಹಾಡುವ ಭಾಗವತರು ನನ್ನ ಕೈಗೆ ಅದನ್ನು ಕೊಟ್ಟರು. ಒಂದು ಗಂಟೆ ಕಳೆಯುವಷ್ಟರಲ್ಲಿ ಮಣಿಕಟ್ಟು ಸೋತಿತು, ತಾಳ ಓಡಿತು, ಮದ್ದಳೆಯವರು ನನ್ನನ್ನು ನೋಡಿದ ನೋಟ ಮರೆಯುವಂಥದ್ದಲ್ಲ. ಆದರೂ ಮುಂದಿನ ಶನಿವಾರ ಬರಹೇಳಿದರು.

ಮರುವರ್ಷ ದೂತನ ಅರ್ಥ, ಅಂದರೆ ಅವನ ಮಾತು ಆಡುವ ಕೆಲಸ, ಕೊಟ್ಟರು. ನಾಲ್ಕು ವಾಕ್ಯ. ಮನೆಯಲ್ಲಿ ಕನ್ನಡಿಯ ಮುಂದೆ, ತೋಟದಲ್ಲಿ ತೆಂಗಿನ ಮರದ ಮುಂದೆ ಹೇಳಿ ಹೇಳಿ ಹದಗೊಳಿಸಿದ್ದೆ. ಭಜನಾ ಮಂದಿರದಲ್ಲಿ ಪದ್ಯ ಮುಗಿಯಿತು, ಮದ್ದಳೆ ನಿಂತಿತು, ನನ್ನ ಬಾಯಿ ತೆರೆದೇ ಇತ್ತು, ಮಾತಿಲ್ಲ. ಹಂಚಿನ ಮೇಲೆ ಮಳೆಯ ಸದ್ದೊಂದೇ. ಕೌರವನ ಅರ್ಥ ಹೇಳುತ್ತಿದ್ದ ಹಿರಿಯರು ಮೆಲ್ಲನೆ ಕೇಳಿದರು: ‘ಏನಯ್ಯಾ ದೂತ, ತಂದ ಮಾತು ದಾರಿಯಲ್ಲಿ ಬಿದ್ದುಹೋಯಿತೇ?’ ನನ್ನ ಬಾಯಿಂದ ಅದು ಹೇಗೆ ಬಂತೋ: ‘ಇಲ್ಲ ಒಡೆಯಾ, ಪಾದರಕ್ಷೆಯ ಜೊತೆಗೆ ಸಭೆಯ ಹೊರಗೇ ಕಳಚಿಟ್ಟು ಬಂದೆ.’ ಜನ ನಕ್ಕ ಸದ್ದಿಗೆ ಮಳೆ ಕೇಳಿಸಲಿಲ್ಲ. ಆ 46 ಸಾವಿರದ ಪ್ರವಾಸದಲ್ಲಿ ನನಗೆ ಇದರ ಕಾಲುಭಾಗವೂ ಸಿಕ್ಕಿರಲಿಲ್ಲ.

ಇನ್ನೊಂದು ಕೆಲಸ ನಿಮಗೂ ಒಗ್ಗೀತು. ನಮ್ಮ ಕಡೆ ಬೀಡಿ ಕಟ್ಟಿ ಪಿಂಚಣಿ ಪಡೆಯುವ ಅಜ್ಜಿಯಂದಿರು ತುಂಬ ಇದ್ದಾರೆ. ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಪ್ರಮಾಣ ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ. ಎಲೆ ಸುರುಟಿ ಸುರುಟಿ ಬೆರಳಿನ ಗೆರೆ ಸವೆದುಹೋಗಿ ಯಂತ್ರ ಅವರ ಹೆಬ್ಬೆಟ್ಟನ್ನು ಹಿಡಿಯುವುದಿಲ್ಲ. ಈಗ ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಆಗುತ್ತದೆ. ಮೊಮ್ಮಗನಿಂದ ಕಲಿತು, ಗ್ರಂಥಾಲಯದ ಜಗಲಿಯಲ್ಲಿ ಮಾಡಿಕೊಡುತ್ತೇನೆ. ಕಣ್ಣು ಮಿಟುಕಿಸಿ ಎಂದರೆ ಕೆಲವರು ನಾಚುತ್ತಾರೆ. ಒಬ್ಬರು ಕೇಳಿದರು: ‘ನಾನು ಸತ್ತಿಲ್ಲವೆಂದು ಆ ಡಬ್ಬಿ ಒಪ್ಪಿತಾ?’ ಒಪ್ಪಿತು ಎಂದೆ. ಮರುದಿನ ಒಂದು ಹಲಸಿನ ಹಣ್ಣು ಬಂತು.

ಮಲಯಾಳ ಓದಲು ಕಲಿಯಿರಿ. ಮಾತು ಬಂದರೂ ಅಕ್ಷರ ಬಾರದಿದ್ದರೆ ಬಸ್ಸಿನ ಬೋರ್ಡಿಗೂ ಇನ್ನೊಬ್ಬರನ್ನು ಕೇಳಬೇಕು. ನಾನು ಕಲಿತದ್ದು 62ಕ್ಕೆ, ಅಂಗಡಿಗಳ ಹೆಸರು ಓದುತ್ತಾ. ತಿರುಗಾಟದ ಆಸೆಯಾದಾಗ ರೈಲು ಹತ್ತಿ ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಮನೆಯತ್ತ ನಡೆಯುತ್ತೇನೆ. ಹಿರಿಯರಿಗಿದ್ದ ರೈಲು ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು, ಆದರೂ ಲೋಕಲ್ ರೈಲು ಬಸ್ಸಿಗಿಂತ ಅಗ್ಗ.

ನಿಮ್ಮ ಮನೆಯವರ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅವರಿಗೂ ಊರು ಹೊಸತು. ನನ್ನ ಹೆಂಡತಿ ಕುಟುಂಬಶ್ರೀಯ ಅಯಲ್ಕೂಟದ, ಅಂದರೆ ನೆರೆಮನೆಯ ಹೆಂಗಸರ ಸ್ವಸಹಾಯ ಗುಂಪಿನ, ಸಭೆಗೆ ವಾರಕ್ಕೊಮ್ಮೆ ಹೋಗುತ್ತಾಳೆ. ಅಲ್ಲಿ ಏನು ಮಾತಾಯಿತೆಂದು ನಾನು ಕೇಳುವುದಿಲ್ಲ, ಸಾರಿನ ಉಪ್ಪಿನ ಬಗ್ಗೆಯೂ ಕೇಳುವುದಿಲ್ಲ.

ಏಪ್ರಿಲಿನಲ್ಲಿ ಸಾಮಾನು ಇಳಿಸಿ, ಮನೆಗೆ ಸುಣ್ಣ ಬಳಿದು ಮುಗಿಸುವಷ್ಟರಲ್ಲಿ ಪತ್ತನಾಜೆ ಬಂದಿರುತ್ತದೆ. ಮೊದಲ ಮಳೆಯ ಶನಿವಾರ ಹತ್ತಿರದ ಯಾವುದಾದರೂ ಕೂಟಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ನಮ್ಮಲ್ಲಿಗೇ ಬಂದರೂ ಆದೀತು. ನನಗೆ ದೂತನಿಂದ ಮಂತ್ರಿಗೆ ಬಡ್ತಿಯಾಗಿದೆ, ಚಕ್ರತಾಳ ಖಾಲಿ ಇದೆ.