ಗ್ಯಾರೇಜ್ ಕಟ್ಟೆ: ಬೀಗರ ಕಾರು ಜಗಳ

ಪ್ರಶ್ನೆ: ನನ್ನ ತವರು ಬಸವನಗುಡಿ, ಗಂಡನ ಮನೆ ಮಲ್ಲೇಶ್ವರ. ಅಪ್ಪನ ಹತ್ತಿರ 1957ರ ಎಂಜಿಎ ಇದೆ. ಮಾವನ ಹತ್ತಿರ ಅದೇ ವರ್ಷದ ಟ್ರಯಂಫ್ ಟಿಆರ್3. ಎರಡೂ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಮದುವೆ ಮಾತುಕತೆ ಆಗುವಾಗ, ಬೀಗರಿಬ್ಬರಿಗೂ ಒಂದೇ ಹುಚ್ಚು, ಚೆನ್ನಾಗಿ ಹೊಂದುತ್ತೆ ಅಂದುಕೊಂಡಿದ್ದೆವು. ಮೊನ್ನೆ ಮಗುವಿನ ನಾಮಕರಣದಲ್ಲಿ ಊಟಕ್ಕೆ ಕೂತಾಗ ಅಪ್ಪ, "ನಿಮ್ಮದು ಟ್ರಾಕ್ಟರ್ ಇಂಜಿನ್ ಅಲ್ವಾ ಬೀಗರೇ" ಅಂದರು. ಮಾವ, "ನಿಮ್ಮದು ಅಂಬಾಸಿಡರ್ ಟ್ಯಾಕ್ಸಿ ಬಿಡಿ" ಅಂದು ಒಬ್ಬಟ್ಟು ಮುಟ್ಟದೆ ಎದ್ದರು. ಈಗ ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಯಾರು ಮೊದಲು ಹತ್ತುತ್ತಾರೆ ನೋಡೇಬಿಡೋಣ ಅಂತ ಪಂಥ ಕಟ್ಟಿದ್ದಾರೆ. ಇಬ್ಬರಿಗೂ 70 ದಾಟಿದೆ. ಯಾರ ಮಾತು ಸರಿ? ಈ ಪಂಥ ನಿಲ್ಲಿಸೋದು ಹೇಗೆ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಇಬ್ಬರ ಮಾತೂ ಸರಿ ತಾಯಿ. ಅದಕ್ಕೇ ಇಷ್ಟು ಉರಿ ಹತ್ತಿರುವುದು.

ಮೊದಲು ನಿಮ್ಮ ಮಾವನ ಗಾಡಿ. ಟಿಆರ್3ರ 1991 ಸಿಸಿ ಇಂಜಿನ್ ಸ್ಟ್ಯಾಂಡರ್ಡ್ ಕಂಪನಿಯದು. ಅದೇ ಕುಟುಂಬದ ಇಂಜಿನ್ ಫರ್ಗ್ಯುಸನ್ ಟ್ರಾಕ್ಟರಿನಲ್ಲೂ ಇತ್ತು, ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನಲ್ಲೂ ಇತ್ತು. ವ್ಯಾನ್‌ಗಾರ್ಡ್ ನಮ್ಮ ಪಕ್ಕದ ಮದ್ರಾಸಿನಲ್ಲೇ ಜೋಡಣೆ ಆಗುತ್ತಿತ್ತು. ಟ್ರಾಕ್ಟರ್ ಅಂದರೆ ಅವಮಾನ ಅಂತ ಯಾರು ಹೇಳಿದರು? ಆ ಇಂಜಿನ್‌ಗೆ ವೆಟ್ ಲೈನರ್ ಇದೆ, ಅಂದರೆ ಪಿಸ್ಟನ್ ಓಡಾಡುವ, ಕಿತ್ತು ಬದಲಾಯಿಸಬಹುದಾದ ಕೊಳವೆ. ಸವೆದರೆ ಬ್ಲಾಕನ್ನು ಬೋರಿಂಗ್‌ಗೆ ಕಳಿಸಬೇಕಿಲ್ಲ. ಹಳೇ ಲೈನರ್ ಕಿತ್ತು ಹೊಸದು ಕೂರಿಸಿದರೆ ಮುಗೀತು. ಕೈಯಲ್ಲಿ ಕೆಲಸ ಮಾಡುವವನಿಗೆ ಅದು ದೇವರು ಕೊಟ್ಟ ಇಂಜಿನ್.

ಈಗ ಅಪ್ಪನದು. ಎಂಜಿಎಯಲ್ಲಿರುವುದು 1489 ಸಿಸಿಯ ಬಿ ಸೀರೀಸ್ ಇಂಜಿನ್. ನಮ್ಮ ಅಂಬಾಸಿಡರ್ ಎಷ್ಟೋ ವರ್ಷ ಓಡಿದ್ದು ಅದೇ ಬಿ ಸೀರೀಸ್ 1489 ಸಿಸಿಯಲ್ಲಿ. ಅಪ್ಪನ ಗಾಡಿಗೆ ಎರಡು ಎಸ್‌ಯು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ), ಬೇರೆ ಕ್ಯಾಮ್ (ವಾಲ್ವ್ ತೆರೆಯುವ ದಂಡ), ಸ್ವಲ್ಪ ಜಾಸ್ತಿ ದಮ್ಮು. ಅಷ್ಟೇ ವ್ಯತ್ಯಾಸ. ಇದರಲ್ಲೂ ನಾಚಿಕೆ ಏನಿಲ್ಲ. ಜೆ.ಸಿ. ರಸ್ತೆಯ ಹಳೇ ಅಂಗಡಿಗಳಲ್ಲಿ ಅಂಬಾಸಿಡರ್ ಸಾಮಾನು ಇನ್ನೂ ಸಿಗುತ್ತೆ, ಅದರಲ್ಲಿ ಕೆಲವು ಅಪ್ಪನ ಇಂಜಿನ್‌ಗೆ ಕೂರುತ್ತವೆ. ಮಾವ ಇಂಗ್ಲೆಂಡಿನಿಂದ ಪಾರ್ಸೆಲ್ ಬರೋವರೆಗೆ ಕಾಯುತ್ತಾ ಕೂತಿರಬೇಕು.

ಒಂದು ಗುಟ್ಟು ಹೇಳುತ್ತೇನೆ. ಅಂಬಾಸಿಡರ್ ಇಂಜಿನ್ ಸುಲಭವಾಗಿ ಕೂರುತ್ತೆ ಅಂತ, ಹಿಂದೆ ನಮ್ಮ ಕಡೆ ಎಂಜಿಎಗಳಿಗೆ ಅದನ್ನೇ ಇಳಿಸಿಬಿಡುತ್ತಿದ್ದರು. ಅಪ್ಪ ಇಲ್ಲದಾಗ ಬೋನೆಟ್ ಎತ್ತಿ ಇಂಜಿನ್ ಮೇಲಿನ ನಂಬರ್ ತಗಡು ನೋಡಿ. 15ಜಿಬಿ ಅಥವಾ 15ಜಿಡಿ ಅಂತಿದ್ದರೆ ಎಂಜಿಯದೇ. ಬೇರೇನಾದರೂ ಇದ್ದರೆ ಬೋನೆಟ್ ಮುಚ್ಚಿ ಸುಮ್ನಿದ್ದುಬಿಡಿ. ಗಂಡನಿಗೂ ಹೇಳಬೇಡಿ.

ಯಾವುದು ಒಳ್ಳೆ ಕಾರು? ಬಲದಲ್ಲಿ ಟ್ರಯಂಫ್ ಮುಂದೆ. ಅದಕ್ಕೆ ಸುಮಾರು 100 ಕುದುರೆ ಶಕ್ತಿ, ಎಂಜಿಎಗೆ 70ರ ಆಸುಪಾಸು. ಬ್ರೇಕಿನಲ್ಲೂ ಟ್ರಯಂಫ್ ಮುಂದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ 1956ರ ಕೊನೆಯಲ್ಲೇ ಬಂತು. ಎಂಜಿಎಗೆ ಮಾಮೂಲಿ ಮಾಡೆಲ್‌ನಲ್ಲಿ ಡಿಸ್ಕ್ ಬಂದದ್ದು 1959ರಲ್ಲಿ, 1600 ಇಂಜಿನ್ ಜೊತೆ. ಆದರೆ ಸ್ಟೀರಿಂಗ್ ಹಿಡಿದು ಒಂದು ತಿರುವು ತೆಗೆದು ನೋಡಿ, ಆಗ ನಾನು ಅಪ್ಪನ ಕಡೆ. ಎಂಜಿಎಯದು ರ‍್ಯಾಕ್ ಅಂಡ್ ಪಿನಿಯನ್. ಬೆರಳು ಹೇಳಿದ ಕಡೆ ಮೂತಿ ತಿರುಗುತ್ತೆ. ಟಿಆರ್3ರ ಹಳೇ ಕಾಲದ ಸ್ಟೀರಿಂಗ್ ಬಾಕ್ಸ್ ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತೆ. ನನಗೆ ನೋಡೋಕೆ ಟ್ರಯಂಫ್ ಇಷ್ಟ, ಓಡಿಸೋಕೆ ಎಂಜಿ. ಇದನ್ನು ಇಬ್ಬರ ಮುಂದೆಯೂ ಓದಬೇಡಿ.

ಈ ಜಗಳ ನಿಮ್ಮ ಮನೇಲಿ ಶುರುವಾದದ್ದೂ ಅಲ್ಲ. 1955ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ, ಎಂಜಿಎ ಬಿಡುಗಡೆ ಆಗುವ ಮುಂಚೆಯೇ ಅದರ ಮೂರು ಮೂಲ ಮಾದರಿಗಳು ಓಡಿದವು. ಟ್ರಯಂಫ್‌ನವರೂ ಟಿಆರ್3ಕ್ಕೆ ಹಿಂದಿನ ಮಾದರಿಯಾದ ಟಿಆರ್2 ಮೂರು ತಂದಿದ್ದರು. ಒಂದು ಎಂಜಿ 12ನೇ ಸ್ಥಾನಕ್ಕೆ ಬಂತು, ಎಲ್ಲಾ ಟ್ರಯಂಫ್‌ಗಳಿಗಿಂತ ಮುಂದೆ. ಆದರೆ ಇನ್ನೊಂದು ಎಂಜಿ ಅಪಘಾತಕ್ಕೆ ಸಿಕ್ಕಿತು. ಟ್ರಯಂಫ್ ಮೂರೂ ಕೊನೆವರೆಗೆ ಓಡಿದವು. ಹಾಗಾಗಿ ಅಪ್ಪ "ನಾವು ಮುಂದೆ" ಅನ್ನಬಹುದು, ಮಾವ "ನಾವು ಪೂರ್ತಿ" ಅನ್ನಬಹುದು. ಕೊನೆಗೆ 1968ರಲ್ಲಿ ಎರಡೂ ಹೆಸರು ಬ್ರಿಟಿಷ್ ಲೇಲ್ಯಾಂಡ್ ಅನ್ನೋ ಒಂದೇ ಕಂಪನಿ ಸೇರಿದವು. 1974ರಲ್ಲಂತೂ ಎಂಜಿ ಮಿಜೆಟ್‌ಗೆ ಟ್ರಯಂಫ್ ಸ್ಪಿಟ್‌ಫೈರ್‌ನ 1493 ಸಿಸಿ ಇಂಜಿನ್ನನ್ನೇ ಇಳಿಸಿದರು. ಆ ದಿನ ಎಂಜಿ ಅಭಿಮಾನಿಗಳ ಮನೇಲಿ ಒಲೆ ಹಚ್ಚಿರಲಿಕ್ಕಿಲ್ಲ.

ಇನ್ನು ನಂದಿ ಬೆಟ್ಟ. ಭಾನುವಾರ ಬೆಳಗ್ಗೆ ಅರ್ಧ ಬೆಂಗಳೂರು ಅಲ್ಲೇ ಇರುತ್ತೆ. ಗೇಟಿನ ಮುಂದೆ ಗಾಡಿಗಳ ಸಾಲು. ಅಲ್ಲಿ ಯಾರ ಕಾರು ಮೊದಲು ಹತ್ತುತ್ತೆ ಅಂತ ಗೊತ್ತಾಗೋದಿಲ್ಲ, ಯಾರ ರೇಡಿಯೇಟರ್ ಮೊದಲು ಕುದಿಯುತ್ತೆ ಅಂತ ಗೊತ್ತಾಗುತ್ತೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಅಂದರೆ ಪೊಲೀಸ್ ಕೇಸ್ ಕೂಡ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂತಲ್ಲ, ವಿಎ ಅಕ್ಷರದ ನಂಬರ್. ಅದನ್ನು ಮಾಡಿಸಿದ್ದರೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಪಂಥ ಆ ಪಟ್ಟಿಯಲ್ಲಿಲ್ಲ. ಇಬ್ಬರಿಗೂ ಕಾನೂನಿನ ಭಯ ಇದ್ದರೆ ಇದನ್ನೇ ಮುಂದಿಡಿ.

ಭಯ ಇಲ್ಲದಿದ್ದರೆ ಬೇರೆ ದಾರಿ. ಎರಡೂ ಗಾಡಿಗೆ ಜೋಡಿ ಎಸ್‌ಯು ಕಾರ್ಬುರೇಟರ್. ಒಂದು ಗಾಡಿಯ ಎರಡು ಕಾರ್ಬುರೇಟರೂ ಒಂದೇ ಸಮ ಉಸಿರಾಡುವ ಹಾಗೆ ಹೊಂದಿಸಬೇಕು. ಒಂದು ರಬ್ಬರ್ ಪೈಪು ತಗೊಂಡು, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ ಹಿಡಿದು ಸುಯ್ ಅನ್ನೋ ಸದ್ದು ಕೇಳಬೇಕು. ಒಬ್ಬರು ಕೇಳಬೇಕು, ಇನ್ನೊಬ್ಬರು ಸ್ಕ್ರೂ ತಿರುಗಿಸಬೇಕು. "ಮಾವನವರ ಕಿವಿ ತುಂಬಾ ಸೂಕ್ಷ್ಮ, ನಿಮ್ಮ ಗಾಡಿ ಐಡ್ಲಿಂಗ್ ಸರಿಯಿಲ್ಲ ಅಂದರು" ಅಂತ ಅಪ್ಪನಿಗೆ ಹೇಳಿ. ಅಪ್ಪ ಸಿಟ್ಟಿನಲ್ಲಾದರೂ ಮಾವನನ್ನು ಕರೆಸುತ್ತಾರೆ. ಅಲ್ಲೂ ಜಗಳ ಆಡುತ್ತಾರೆ. ಆಡಲಿ ಬಿಡಿ, ಶೆಡ್ಡಿನಲ್ಲಿ ಊಟದ ಎಲೆ ಇರೋದಿಲ್ಲ.

ಪ್ರಶ್ನೆ: ನನ್ನ ಹತ್ತಿರ ಎಂಜಿ ಹೆಕ್ಟರ್ ಇದೆ. ಹಳೇ ಎಂಜಿಯವರು ಸೇರುವ ಕಡೆ ನಾನೂ ಹೋಗಬಹುದಾ? ಗೆಳೆಯ ತನ್ನ ಟ್ರಯಂಫ್ 400 ಬೈಕ್ ತರುತ್ತಾನಂತೆ.
– ಓದುಗರೊಬ್ಬರು, ಯಲಹಂಕ

ಉತ್ತರ: ಹೋಗಿ, ಕಾಫಿ ಕೊಡುತ್ತಾರೆ. ಆದರೆ "ನಮ್ಮ ಎಂಜಿ" ಅನ್ನಬೇಡಿ. ಹಳೇ ಎಂಜಿಗಳನ್ನು ಮಾಡಿದ ಅಬಿಂಗ್ಡನ್ ಕಾರ್ಖಾನೆ 1980ರಲ್ಲೇ ಮುಚ್ಚಿತು. ಈಗ ಆ ಹೆಸರು ಶಾಂಘೈನ ಕಂಪನಿಯದು, ನಿಮ್ಮ ಗಾಡಿ ತಯಾರಾದದ್ದು ಗುಜರಾತಿನ ಹಾಲೋಲ್‌ನಲ್ಲಿ. ಉಳಿದಿರೋದು ಎಂಟು ಮೂಲೆಯ ಬ್ಯಾಡ್ಜ್. ಗೆಳೆಯನ ಕಥೆಯೂ ಅಷ್ಟೇ. ಟ್ರಯಂಫ್ ಕಾರು, ಬೈಕು 1936ರಲ್ಲೇ ಬೇರೆ ಬೇರೆ ಆದವು. ಕಾರಿನ ಹೆಸರು ಈಗ ಬಿಎಂಡಬ್ಲ್ಯು ಹತ್ತಿರ ಇದೆ.

ಪ್ರಶ್ನೆ: ತಾತನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಇ20 (20% ಎಥನಾಲ್ ಬೆರೆತ) ಪೆಟ್ರೋಲ್ ಹಾಕಬಹುದಾ? ಪಕ್ಕದ ಮನೆ ಫಿಯಟ್‌ನವರು ಹೆರಾಲ್ಡನ್ನು ನೋಡಿ ನಗುತ್ತಾರೆ.
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ನಗಲಿ. ನಿಮ್ಮ ಹೆರಾಲ್ಡ್‌ನ ಗೆರೆ ಎಳೆದ ಇಟಲಿಯ ಜೊವಾನಿ ಮಿಕೆಲೊಟ್ಟಿಯೇ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿಗೂ ರೂಪ ಕೊಟ್ಟದ್ದು. ಆ ಕಾರು ಹುಟ್ಟಿದ್ದೇ ಹೆರಾಲ್ಡ್‌ನ ಚಾಸಿಯಿಂದ. ಫಿಯಟ್‌ನವರಿಗೆ ಇದನ್ನು ಹೇಳಿ.

ಪೆಟ್ರೋಲ್ ವಿಷಯಕ್ಕೆ ಬಂದರೆ, ಎಥನಾಲ್ ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತೆ, ನೀರನ್ನೂ ಎಳೆದುಕೊಳ್ಳುತ್ತೆ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎರಡನ್ನೂ ಎಥನಾಲ್ ತಡೆಯುವ ಹೊಸದಕ್ಕೆ ಬದಲಾಯಿಸಿ. ಕಾರ್ಬುರೇಟರನ್ನು ಸ್ವಲ್ಪ ರಿಚ್ ಮಾಡಿಸಿ, ಅಂದರೆ ಗಾಳಿಗೆ ಪೆಟ್ರೋಲ್ ಪಾಲು ಜಾಸ್ತಿ ಮಾಡಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ. ಬೋನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ, ಎಲ್ಲಿ ಸೋರುತ್ತಿದೆ ಅಂತ ಸಿಗೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ.