ಆರು ಮನೆ, ಒಂದು ಮೀಟರು

ಓದುಗರ ಪತ್ರ: "ಹಾಸನದ ವಠಾರವೊಂದರಲ್ಲಿ ಬಾಡಿಗೆಗಿದ್ದೇವೆ. ಆರು ಸಂಸಾರಕ್ಕೆ ಒಂದೇ ನಲ್ಲಿ. ನೀರಿನ ಕೆಲಸವನ್ನು ಕಂಪನಿಗೆ ವಹಿಸಿದರೆ ದಿನವಿಡೀ ನೀರು ಬರುತ್ತದೆ ಅಂತಾರೆ. ನಮ್ಮಂಥವರಿಗೆ ಅದರಿಂದ ಲಾಭವೋ ನಷ್ಟವೋ?"

ಸಂಪಾದಕರ ಉತ್ತರ: ದಿನವಿಡೀ ನೀರು ಅನ್ನುವುದು ಸುಳ್ಳಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ಸಾಲ ತಂದು, ಫ್ರಾನ್ಸಿನ ವಿಯೋಲಿಯಾ ಕಂಪನಿಯ ಕೈಲಿ ಇದನ್ನು ಮಾಡಿಸಿ ತೋರಿಸಿದರು. ನೀರು ಬಿಡುವ ಹೊತ್ತಿಗೆ ಕೂಲಿ ಬಿಟ್ಟು ಮನೆಯಲ್ಲಿ ಕೂರುವವರಿಗೆ ಇದು ಸಣ್ಣ ಲಾಭವಲ್ಲ. ಪೈಪು ಖಾಲಿ ಬೀಳದಿದ್ದರೆ ಚರಂಡಿ ನೀರು ಒಳಗೆ ಸೇರುವುದೂ ಕಡಿಮೆ.

ನನ್ನ ಅನುಮಾನ ಇರುವುದು ನಿಮ್ಮ ಪತ್ರದ ಎರಡನೇ ಸಾಲಿನಲ್ಲಿ. ಒಂದೇ ನಲ್ಲಿ ಅಂದರೆ ಒಂದೇ ಮೀಟರು. ನೀರಿನ ದರ ಸಾಮಾನ್ಯವಾಗಿ ಸ್ಲ್ಯಾಬ್ ಲೆಕ್ಕದಲ್ಲಿರುತ್ತದೆ. ಜಾಸ್ತಿ ಬಳಸಿದಷ್ಟೂ ಲೀಟರಿನ ಬೆಲೆ ಏರುತ್ತದೆ. ಒಬ್ಬರಿಗೆ ದಿನಕ್ಕೆ 60 ಲೀಟರ್ ಅಂದುಕೊಳ್ಳಿ. ಐದು ಜನರ ಮನೆಗೆ ತಿಂಗಳಿಗೆ 9,000 ಲೀಟರ್. ಆರು ಮನೆ ಸೇರಿದರೆ ಅದೇ ಮೀಟರಿನಲ್ಲಿ 54,000! ಕೈತೋಟಕ್ಕೆ ನೀರು ಬಿಡುವ ದೊಡ್ಡ ಬಂಗಲೆಯವರ ಸ್ಲ್ಯಾಬಿಗೆ ನೀವು ಹೋಗಿ ಕೂತಿರುತ್ತೀರಿ. ಬಡವರಿಗೆ ಕಡಿಮೆ ದರ ಅಂತ ಮಾಡಿದ ಲೆಕ್ಕ ಬಡವರ ಮೇಲೇ ಬೀಳುತ್ತದೆ. ಇದಕ್ಕೆ ಕಂಪನಿಯೇ ಬರಬೇಕಂತಿಲ್ಲ, ಊರಿನ ಆಡಳಿತವೇ ನೀರು ಕೊಟ್ಟರೂ ಆಗಬಹುದು. ಆದರೆ ಕಂಪನಿ ಬಂದರೆ ಮೀಟರು ಸುಮ್ನೆ ಕೂರುವುದಿಲ್ಲ, ಅಲ್ವಾ?

ಇನ್ನೊಂದು, ಹೊಸ ನಲ್ಲಿ ಹಾಕಿಸುವ ಖರ್ಚು. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1993ರಲ್ಲಿ ನೀರನ್ನು ಕಂಪನಿಗೆ ಕೊಟ್ಟರು. ಸಂಪರ್ಕದ ಶುಲ್ಕ ಬಡ ಬಡಾವಣೆಗಳವರ ಕೈಗೆ ಎಟುಕಲಿಲ್ಲ. ಕೊನೆಗೆ ಆ ಹೊರೆಯನ್ನು ಎಲ್ಲ ಗ್ರಾಹಕರಿಗೂ ಹಂಚಬೇಕಾಯಿತು. 2006ರಲ್ಲಿ ಸರ್ಕಾರವೇ ನೀರನ್ನು ವಾಪಸು ತೆಗೆದುಕೊಂಡಿತು. ಆದರೆ ಫಿಲಿಪೈನ್ಸಿನ ಮನಿಲಾದ ಪೂರ್ವಭಾಗದಲ್ಲಿ ಕಂಪನಿ ಬೇರೆ ದಾರಿ ಹಿಡಿಯಿತು. ಕೊಳೆಗೇರಿಗಳವರ ಹತ್ತಿರ ಜಾಗದ ಪತ್ರ ಕೇಳುವುದನ್ನು ಬಿಟ್ಟು ಸಂಪರ್ಕ ಕೊಟ್ಟಿತು.

ಒಳಚರಂಡಿಯ ಮಾತನ್ನು ಯಾರೂ ಎತ್ತುವುದಿಲ್ಲ. ಹೇಮಾವತಿ ನೀರು ದಿನವಿಡೀ ಒಳಗೆ ಬಂದರೆ ಅದರಲ್ಲಿ ಬಹುಪಾಲು ಹೊರಗೂ ಹೋಗಬೇಕು. ಒಳಚರಂಡಿ (ಯುಜಿಡಿ) ಇಲ್ಲದ ಬೀದಿಯಲ್ಲಿ ಶೌಚದ ಪಿಟ್ ಬೇಗ ತುಂಬುತ್ತದೆ. ಅದನ್ನು ಖಾಲಿ ಮಾಡುವ ಸಕ್ಕಿಂಗ್ ಗಾಡಿಯ ದುಡ್ಡು ಮಾಲೀಕರು ಕೊಡುತ್ತಾರೋ, ಬಾಡಿಗೆಗೆ ಸೇರಿಸುತ್ತಾರೋ? ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಹಾಗಾಗಿ ಕಂಪನಿ ಬೇಕೋ ಬೇಡವೋ ಅನ್ನುವ ಜಗಳಕ್ಕೆ ಮೊದಲು ನಿಮ್ಮ ವಾರ್ಡಿನ ಸದಸ್ಯರನ್ನು ಹಿಡಿದು ಕೇಳಿ. ಒಂದು ಮೀಟರಿನ ಹಿಂದೆ ಆರು ಮನೆ ಇದ್ದರೆ ಬಿಲ್ಲನ್ನು ಆರಾಗಿ ಲೆಕ್ಕ ಹಾಕುತ್ತಾರಾ? ಬೀದಿಯ ಸಾರ್ವಜನಿಕ ನಲ್ಲಿಯನ್ನು ಕೀಳುತ್ತಾರಾ, ಕಿತ್ತರೆ ಯಾವಾಗ? ಬಾಯಿಮಾತಿನ ಉತ್ತರ ಬೇಡ, ಕಂಪನಿ ಜೊತೆಗಿನ ಕರಾರಿನಲ್ಲಿ ಬರೆದಿರುವ ಸಾಲನ್ನು ತೋರಿಸಲಿ.