ಸ್ಕಾಟ್ಲೆಂಡಿನ ಹಳೇ ಲಾರಿ ಕಂಪೆನಿಗಳು ಎಲ್ಲಿ ಹೋದ್ವು?

ಪ್ರಶ್ನೆ: ಸರ್, ನಮ್ಮದು ತಂದೆಯ ಕಾಲದಿಂದ ಲಾರಿ ವ್ಯವಹಾರ. ಗ್ಲಾಸ್ಗೋದಲ್ಲಿರುವ ಭಾವ ಅಲ್ಲಿಯ ಹಳೇ ಲಾರಿಗಳ ಫೋಟೋ ಕಳಿಸಿದ್ರು, ಎಲ್ಲದ್ರ ಬಾಗಿಲಲ್ಲೂ ಮನೆತನದ ಹೆಸರು, ಚಂದ ಚಂದ ಬಣ್ಣ. ಈಗ ಹೆಚ್ಚಿನವು ಇಲ್ವಂತೆ. ಮಕ್ಕಳು ಸರಿಯಾಗಿ ನೋಡ್ಕೊಳ್ಳದೆ ಹಾಳಾದದ್ದಾ?
– ಓದುಗರು, ಬೈಕಂಪಾಡಿ

ಉತ್ತರ: ಮಕ್ಕಳ ಮೇಲೆ ಹಾಕ್ಬೇಡಿ ಮಾರಾಯ್ರೆ. ಆ ಕಂಪೆನಿಗಳನ್ನು ಅಲ್ಲಾಡಿಸಿದ್ದು ಮೊದಲು ಕಾನೂನು, ಆಮೇಲೆ ಲೋಡು.

ಹೆಚ್ಚಿನವ್ರು ಶುರು ಮಾಡಿದ್ದು ಕುದುರೆಗಾಡಿಯಲ್ಲಿ. ಮೊದಲ ಮಹಾಯುದ್ಧ ಮುಗಿದಾಗ ಮಿಲಿಟರಿಯ ಹಳೇ ಲಾರಿಗಳು ಮಾರಾಟಕ್ಕೆ ಬಂದ್ವು, ಗ್ಲಾಸ್ಗೋದಲ್ಲೇ ಆಲ್ಬಿಯನ್ ಕಂಪೆನಿ 1899ರಿಂದ ಗಾಡಿ ಮಾಡ್ತಾ ಇತ್ತು, ಕಲ್ಲಿದ್ದಲು, ಆಲೂಗಡ್ಡೆ, ವಿಸ್ಕಿ, ಸ್ಟೀಲು ಹೀಗೆ ಲೋಡಿಗೇನೂ ಬರ ಇರ್ಲಿಲ್ಲ. ಅಬರ್ಡೀನಿನ ಮೀನು ಲಂಡನ್ನಿನ ಬಿಲ್ಲಿಂಗ್ಸ್‌ಗೇಟ್ ಮಾರ್ಕೆಟಿಗೆ 850 ಕಿಲೋಮೀಟರಿಗೂ ಜಾಸ್ತಿ ಓಡ್ಬೇಕಿತ್ತು, ಅದೂ ದೊಡ್ಡ ಲಾರಿಗೆ ಗಂಟೆಗೆ 20 ಮೈಲಿಯ ಮಿತಿ ಇದ್ದ ಕಾಲದಲ್ಲಿ, ಆ ಮಿತಿ 30ಕ್ಕೆ ಏರಿದ್ದೇ 1957ರಲ್ಲಿ. ಮಲ್ಪೆಯಿಂದ ಮೀನಿನ ಲಾರಿ ಬಿಟ್ಟವರಿಗೆ ಆ ಡ್ರೈವರುಗಳ ಕಷ್ಟ ಏನಂತ ನಾನು ಹೇಳ್ಬೇಕಾಗಿಲ್ಲ.

1933ರ ಕಾನೂನಿನಲ್ಲಿ ಲೈಸೆನ್ಸ್ ಬಂತು. ಹೊಸಬ ಅರ್ಜಿ ಹಾಕಿದ್ರೆ ರೈಲ್ವೆಯವರೂ ಹಳೇ ಲಾರಿಯವರೂ ತಕರಾರು ಎತ್ತಬಹುದಿತ್ತು, ಹಾಗಾಗಿ ಇದ್ದವರಿಗೆ ಅದು ಒಳ್ಳೇ ರಕ್ಷಣೆ. ಆದ್ರೆ 1947ರ ಕಾನೂನು ಬಂದು ಸರ್ಕಾರ ದೂರದ ಬಾಡಿಗೆ ಹೊಡೆಯುವ ಕಂಪೆನಿಗಳನ್ನೇ ತಗೊಂಡು ಬ್ರಿಟಿಷ್ ರೋಡ್ ಸರ್ವೀಸಸ್ ಅಂತ ಒಂದು ಮಾಡಿತು, ಮನೆತನದ ಬಣ್ಣದ ಮೇಲೆ ಕೆಂಪು ಬಣ್ಣ ಬಿತ್ತು. ಉಳಿದ ಬಾಡಿಗೆ ಲಾರಿಯವರು ಸ್ಪೆಷಲ್ ಪರ್ಮಿಟ್ ಇಲ್ಲದೆ ತಮ್ಮ ಊರಿಂದ 25 ಮೈಲಿ ದಾಟುವ ಹಾಗಿಲ್ಲ. ಅಂದ್ರೆ ಉಡುಪಿಯ ಲಾರಿ ಮಂಗಳೂರು ಮುಟ್ಟುವ ಹಾಗಿಲ್ಲ, ಲೆಕ್ಕ ಹಾಕಿ ನೋಡಿ! ಪರಿಹಾರ ಕೊಟ್ರು ನಿಜ, ಆದ್ರೆ ಕೈಯಾರೆ ಕಟ್ಟಿದ ಹೆಸರು ಹೋದದ್ದು ನನ್ನ ಮಟ್ಟಿಗೆ ದೊಡ್ಡ ಅನ್ಯಾಯವೇ. 1953ರಲ್ಲಿ ಕಾನೂನು ತಿರುಗಿ, ಸರ್ಕಾರ ಲಾರಿಗಳನ್ನು ಮಾರ್ಲಿಕ್ಕೆ ಶುರು ಮಾಡಿತು, ಎಷ್ಟೋ ಜನ ವಾಪಸ್ ಲೈನಿಗೆ ಬಂದ್ರು.

ಅಲ್ಲಿಂದ ಒಂದು ಹದಿನೈದು ವರ್ಷ ಒಳ್ಳೇ ಕಾಲ. 1968ರ ಕಾನೂನು ಆ ಹಳೇ ಲೈಸೆನ್ಸಿನ ಬೇಲಿ ಕಿತ್ತು ಹಾಕಿತು, ನಿಯಮ ಪಾಲಿಸಿದ್ರೆ ಯಾರು ಬೇಕಾದ್ರೂ ಲಾರಿ ಇಳಿಸಬಹುದು ಅಂತಾಯ್ತು, ಬಾಡಿಗೆಯಲ್ಲಿ ಪೈಪೋಟಿ ಹೆಚ್ಚಾಯ್ತು. ಸ್ಕಾಟ್ಲೆಂಡಿಗೆ ಹೋಗುವ ದಾರಿಯಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಸಿಗುವ ಶ್ಯಾಪ್ ಘಾಟಿಯಲ್ಲಿ 1970ರಲ್ಲಿ ಮೋಟಾರ್‌ವೇ, ಅಂದ್ರೆ ಅಲ್ಲಿಯ ಎಕ್ಸ್‌ಪ್ರೆಸ್ ಹೈವೇ ಆಯ್ತು, ದಾರಿಯೇನೋ ಸಲೀಸು, ಆದ್ರೆ ಇಂಗ್ಲೆಂಡಿನ ಲಾರಿಗೂ ಅದೇ ಸಲೀಸಲ್ವಾ.

ನಿಜವಾದ ಪೆಟ್ಟು ಆಮೇಲಿನದ್ದು. ಲಿನ್‌ವುಡ್ ಕಾರ್ ಫ್ಯಾಕ್ಟರಿ 1981ರಲ್ಲಿ, ಬಾತ್‌ಗೇಟಿನ ಲಾರಿ ಫ್ಯಾಕ್ಟರಿ 1986ರಲ್ಲಿ, ಮದರ್‌ವೆಲ್ಲಿನ ರೇವನ್ಸ್‌ಕ್ರೇಗ್ ಸ್ಟೀಲ್ ಪ್ಲಾಂಟ್ 1992ರಲ್ಲಿ ಬಾಗಿಲು ಹಾಕಿದ್ವು. ಫ್ಯಾಕ್ಟರಿಯೇ ಇಲ್ಲದ ಮೇಲೆ ಆ ಗೇಟಿನ ಲೋಡನ್ನೇ ನಂಬಿದ ಲಾರಿಯವ ಏನು ಮಾಡ್ಬೇಕು ಹೇಳಿ? ಸೂಪರ್‌ಮಾರ್ಕೆಟಿನವರೂ ಊರೂರಿನ ಲಾರಿಯವರನ್ನು ಬಿಟ್ಟು, ಗೋಡೌನು, ಕೋಲ್ಡ್ ಸ್ಟೋರೇಜು, ಸಾಗಾಟ ಎಲ್ಲ ಒಟ್ಟಿಗೆ ಮಾಡುವ ದೊಡ್ಡವರಿಗೇ ಕಾಂಟ್ರಾಕ್ಟ್ ಕೊಟ್ರು. ಹಾಗೆ ಬೆಳೆದದ್ದು ಲೀತ್ ಬಂದರಿನ ಕ್ರಿಶ್ಚಿಯನ್ ಸಾಲ್ವೆಸೆನ್, ಮೊದಲು ತಿಮಿಂಗಿಲ ಬೇಟೆ ಮಾಡ್ತಿದ್ದ ಕಂಪೆನಿ ಅದು. ಅದನ್ನೂ 2007ರಲ್ಲಿ ಫ್ರಾನ್ಸಿನ ನಾರ್ಬರ್ ದಾಂತ್ರೆಸಾಂಗ್ಲ್ ಕಂಪೆನಿ ತಗೊಂಡಿತು.

ಹಾಗಂತ ಎಲ್ಲ ಮುಗಿಯಲಿಲ್ಲ. 1920ರ ದಶಕದಲ್ಲಿ ಕುದುರೆಗಾಡಿಯಿಂದ ಹೊರಟ ಮಾಲ್ಕಮ್ ಮನೆತನದ ಕಂಪೆನಿ ಲಾರಿಯನ್ನೇ ಹಿಡ್ಕೊಂಡು ಕೂರಲಿಲ್ಲ, ಗೋಡೌನು ಕಟ್ಟಿತು, ಗ್ರೇಂಜ್‌ಮೌತ್‌ನಲ್ಲಿ ರೈಲು ಟರ್ಮಿನಲ್ ಇಟ್ಟುಕೊಂಡು ಕಂಟೇನರುಗಳನ್ನು ಇಂಗ್ಲೆಂಡಿಗೆ ರೈಲಲ್ಲೂ ಸಾಗಿಸ್ತದೆ.